ಕೇಳುವುದಕ್ಕೂ ಅನುಮತಿ ಬೇಕೇ?

ಮಾನ್ಯರೇ,

ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಶನಿವಾರ ಸಂಜೆ ‘ಅನಧಿಕೃತ ಸಂಗೀತ ಕಾರ್ಯಕ್ರಮ’ಕ್ಕೆ ತಡೆ ಹಾಕಿದ ವರದಿ ಓದಿ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಕಾರ್ಯಕ್ರಮವಂತೆ! ಹನ್ನೆರಡು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಒಂದು ಹಳೆಯ ರೆಕಾರ್ಡ್ ಕೇಳುತ್ತಿದ್ದೆವು, ಅಷ್ಟೇ. ಇಂಗ್ಲೆಂಡಿನ ರಾಕ್ ಗಾಯಕ ಎಲ್ವಿಸ್ ಕಾಸ್ಟೆಲೊನ ‘ದಿಸ್ ಇಯರ್ಸ್ ಮಾಡೆಲ್’. 1978ರಲ್ಲಿ ಅಮೆರಿಕದ ‘ವಿಲೇಜ್ ವಾಯ್ಸ್’ ಪತ್ರಿಕೆ ವಿಮರ್ಶಕರ ಮತ ಕೇಳಿದಾಗ ಮೊದಲ ಸ್ಥಾನಕ್ಕೆ ಬಂದ ಆಲ್ಬಂ ಅದು. ನಮ್ಮ ವಾರ್ಡಿನಲ್ಲಿ ಅದಕ್ಕೆ ಸಿಕ್ಕ ವಿಮರ್ಶೆ: ‘ಗಾಯಕರ ಒಪ್ಪಿಗೆ ಪತ್ರ ಎಲ್ಲಿ?’

ಬಾಡಿಗೆ ಐನೂರು ರೂಪಾಯಿ ಕಟ್ಟಿದ ರಸೀದಿ ತೋರಿಸಿದೆ. ‘ಇದು ನಾಮಕರಣಕ್ಕೆ ಕೊಡುವ ರಸೀದಿ’ ಎಂದರು ವಾರ್ಡ್ ಕಚೇರಿಯಿಂದ ಬಂದ ಅಧಿಕಾರಿ. ಅವರ ಜೊತೆಗೆ ಬಂದಿದ್ದ ಹುಡುಗ ಸ್ವಿಚ್ ಆರಿಸುವ ಗೋಜಿಗೂ ಹೋಗದೆ ವೈರನ್ನೇ ಹಿಡಿದೆಳೆದ. ರೆಕಾರ್ಡಿನಲ್ಲಿ ಪೀಟ್ ಥಾಮಸ್ ಡ್ರಮ್ ಮೇಲೆ ಮುಗಿಬಿದ್ದಿದ್ದ ಹೊತ್ತು. ಪ್ಲೇಯರ್ ಮೇಜಿನ ಮೇಲೆ ಓರೆಯಾಗಿ ಜಾರಿತು, ಮುಳ್ಳು ತಟ್ಟೆಯ ಅಡ್ಡಕ್ಕೆ ಎಳೆದು ಬೆರಳುದ್ದದ ಬಿಳಿ ಗೀರು ಬಿತ್ತು. ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದುನ ಬಟ್ಟೆಗಳ ನಡುವೆ ಸುತ್ತಿ ತಂದುಕೊಟ್ಟದ್ದು. ಅವನಿಗೆ ಏನೆಂದು ಹೇಳಲಿ? ಮಂಡಿನೋವಿನಲ್ಲಿ ಆ ಪ್ಲೇಯರನ್ನು ಆಟೊದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದವನು ನಾನು. ವಾಪಸು ಬರುವಾಗ ಆಟೊ ಕೂಡ ಸಿಗಲಿಲ್ಲ.

ಆಗ ಉಳಿದಿದ್ದದ್ದು ಕೊನೆಯ ಹಾಡು, ‘ರೇಡಿಯೊ ರೇಡಿಯೊ’. ಅಮೆರಿಕದಲ್ಲಿ ಬಂದ ರೆಕಾರ್ಡಿನಲ್ಲಿ ಮಾತ್ರ ಇರುವ ಈ ಹಾಡು, ಜನ ಏನು ಕೇಳಬೇಕೆಂದು ಮೇಲೆ ಕುಳಿತು ತೀರ್ಮಾನಿಸುವವರನ್ನು ಬೈಯುತ್ತದೆ. 1977ರ ಡಿಸೆಂಬರಿನಲ್ಲಿ ಅಲ್ಲಿನ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಬೇರೊಂದು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಇದನ್ನು ಹಾಡಿದ ತಪ್ಪಿಗೆ 1989ರವರೆಗೆ ಕಾಸ್ಟೆಲೊನನ್ನು ಆ ಕಾರ್ಯಕ್ರಮಕ್ಕೆ ಮತ್ತೆ ಕರೆಯಲಿಲ್ಲ. ಆ 1977ರಲ್ಲೇ ಲಂಡನ್ನಿನಲ್ಲಿ, ರೆಕಾರ್ಡ್ ಕಂಪನಿಯವರು ಸಭೆ ಸೇರಿದ್ದ ಹೋಟೆಲಿನ ಮುಂದೆ ಹಾಡಿದ್ದಕ್ಕೆ ಪೊಲೀಸರು ಹಿಡಿದೊಯ್ದಿದ್ದರು. ಆತ ಹಾಡಿ ಸಿಕ್ಕಿಬಿದ್ದ, ನಾವು ಕೇಳಿ ಸಿಕ್ಕಿಬಿದ್ದೆವು. ನಮ್ಮ ಅಧಿಕಾರಿಗಳು ಲಂಡನ್ನಿಗಿಂತ ಒಂದು ಹೆಜ್ಜೆ ಮುಂದೆ.

ಅದೇ ರಾತ್ರಿ ಎದುರಿನ ಕಲ್ಯಾಣ ಮಂಟಪದ ಡಿಜೆ ಒಂದು ಗಂಟೆಯವರೆಗೂ ಕಿಟಕಿ ಗಾಜು ನಡುಗಿಸಿದ. ಅಲ್ಲಿ ಯಾರ ಒಪ್ಪಿಗೆ ಪತ್ರವೂ ಬೇಕಾಗಲಿಲ್ಲ, ಬಾಳೆಎಲೆ ಊಟ ಇತ್ತಲ್ಲ! ಇದೇ ಕಚೇರಿಯಲ್ಲಿ ನನ್ನ ಖಾತಾ ಅರ್ಜಿ ಎಂಟು ತಿಂಗಳಿಂದ ಮಲಗಿದೆ. ಮೂರನೇ ಅಡ್ಡರಸ್ತೆಯ ಮೋರಿಯ ಚಪ್ಪಡಿ ಬಾಯಿ ತೆರೆದುಕೊಂಡೇ ಇದೆ, ಬೀದಿದೀಪ ದೀಪಾವಳಿಗೊಮ್ಮೆ ಕಣ್ಣು ಮಿಟುಕಿಸುತ್ತದೆ. ಅವಕ್ಕೆಲ್ಲ ಸಿಬ್ಬಂದಿ ಇಲ್ಲವಂತೆ. ವೈರ್ ಎಳೆಯಲು ಮಾತ್ರ ಇಬ್ಬರು ಬಂದಿದ್ದರು.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ನನ್ನ ಐನೂರು ರೂಪಾಯಿ ವಾಪಸು ಕೊಡಲಿ, ಇಲ್ಲವೇ ಭವನಕ್ಕೆ ‘ನಾಮಕರಣಕ್ಕೆ ಮಾತ್ರ’ ಎಂದು ಬೋರ್ಡ್ ತಗುಲಿಸಲಿ. ಆ ಚಪ್ಪಡಿಯನ್ನಾದರೂ ಮೊದಲು ಮುಚ್ಚಿ, ಸ್ವಾಮಿ.

– ನೊಂದ ಓದುಗ, ಬೆಂಗಳೂರು