ಬೈದವರನ್ನು ನೋಡಲಿಲ್ಲವೆಂದು ಕೊಟ್ಟ ಮೆಮೊ ಬಗ್ಗೆ ದೂರು

ಪೀಣ್ಯ, ಬೆಂಗಳೂರು
12-03-2024

ಇವರಿಗೆ,
ಆಪರೇಷನ್ಸ್ ಮುಖ್ಯಸ್ಥರು,
ಕಾರ್ಖಾನೆಗಳಿಗೆ ವೈದ್ಯರು, ನರ್ಸುಗಳನ್ನು ಒದಗಿಸುವ ಸಂಸ್ಥೆ

ಮಾನ್ಯರೇ,

ವಿಷಯ: 8-3-2024ರ ಮೆಮೊ ಹಿಂಪಡೆಯುವ ಬಗ್ಗೆ

ನಿಮ್ಮ ಸಂಸ್ಥೆಯ ಮೂಲಕ ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರ ಆರೋಗ್ಯ ಕೇಂದ್ರದಲ್ಲಿ ಮೂರು ವರ್ಷದಿಂದ ವೈದ್ಯೆಯಾಗಿದ್ದೇನೆ. ಮೊನ್ನೆ ಶಿವರಾತ್ರಿಯ ಬೆಳಿಗ್ಗೆ ನಿಮ್ಮ ಕಚೇರಿಯಿಂದ ನಮ್ಮ ವಾಟ್ಸಾಪ್ ಗುಂಪಿಗೆ ಮಹಿಳಾ ದಿನದ ಗುಲಾಬಿ ಬಂತು. ಮಧ್ಯಾಹ್ನ ನನಗೆ ಮೆಮೊ ಬಂತು: ಕ್ಲೈಂಟ್‌ಗೆ ಸೇವೆ ನಿರಾಕರಿಸಿದ್ದೀರಿ, ಮೂರು ದಿನದೊಳಗೆ ವಿವರಣೆ ಕೊಡಿ. ವಿವರಣೆಯನ್ನು ಅಂದೇ ಕಳಿಸಿದ್ದೇನೆ. ಇದು ದೂರು.

ಫೆಬ್ರವರಿ 20ರ ಸೆಕೆಂಡ್ ಶಿಫ್ಟ್‌ನಲ್ಲಿ ಪವರ್ ಪ್ರೆಸ್‌ಗೆ ಸಿಕ್ಕಿ ಗುತ್ತಿಗೆ ಹುಡುಗನೊಬ್ಬನ ತೋರುಬೆರಳ ತುದಿ ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಮಾರನೇ ಬೆಳಿಗ್ಗೆ ಎಂಟಕ್ಕೆಲ್ಲ ಅವನ ಸೂಪರ್‌ವೈಸರ್ ಅವನನ್ನು ಕರೆತಂದು, "ಫಿಟ್ ಅಂತ ಬರೀರಿ, ಸುಮ್ನೆ ಒಂದ್ಕಡೆ ಕೂತಿರ್ತಾನೆ" ಎಂದರು. ಈ ಅವಸರ ಯಾತಕ್ಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗಾಯಗೊಂಡವರು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ ಕಾಯ್ದೆಯ 88ನೇ ಸೆಕ್ಷನ್ ಪ್ರಕಾರ ಅಪಘಾತವನ್ನು ಇಲಾಖೆಗೆ ತಿಳಿಸಬೇಕು. ಹುಡುಗ ಮೂಲೆಯಲ್ಲಿ ಕೂತು ಹಾಜರಿ ಹಾಕಿಸಿಕೊಂಡರೆ ಗೇಟಿನ ಹತ್ತಿರದ "ಅಪಘಾತವಿಲ್ಲದ ದಿನಗಳು" ಬೋರ್ಡು ಸೊನ್ನೆಗೆ ಇಳಿಯುವುದಿಲ್ಲ. ನಾನು ಫಿಟ್ ಎಂದು ಬರೆಯಲಿಲ್ಲ, ರಜೆ ಬರೆದೆ.

ಏಜೆನ್ಸಿ ಡಾಕ್ಟರ್‌ನ ನಾಳೆಯೇ ಬದಲಾಯಿಸ್ತೀನಿ ಎಂದು ಸೂಪರ್‌ವೈಸರ್ ನನಗೆ ಅಂದರು. ಅದನ್ನು ಕೇಳಿ ಅಭ್ಯಾಸವಿದೆ. ಡ್ರೆಸಿಂಗ್ ಟ್ರೇ ಹಿಡಿದು ನಿಂತಿದ್ದ ಸಿಸ್ಟರ್‌ಗೆ ಅಂದದ್ದನ್ನು ಇಲ್ಲಿ ಬರೆಯಲಾರೆ. ಅವರ ತಾಯಿಯನ್ನೂ ಬಿಡಲಿಲ್ಲ. ಟ್ರೇಯನ್ನು ಕೈಯಿಂದ ತಳ್ಳಿದರು. ಎಲ್ಲವನ್ನೂ ರಿಜಿಸ್ಟರ್‌ನಲ್ಲಿ ಬರೆದು, ಅಂದು ಸಂಜೆಯೇ ನಿಮಗೂ ಕಾರ್ಖಾನೆಯ ಎಚ್‌ಆರ್‌ಗೂ ಮೇಲ್ ಹಾಕಿದೆ. ಎಚ್‌ಆರ್‌ನವರು "ನೋಡೋಣ" ಎಂದರು. ನೀವು ಅಷ್ಟನ್ನೂ ಹೇಳಲಿಲ್ಲ.

ಮಾರ್ಚ್ 5ರಂದು ಅದೇ ಸೂಪರ್‌ವೈಸರ್ ತಮಗೆ ಸೊಂಟನೋವೆಂದು ಬಂದರು. ಸಿಸ್ಟರ್ ಕಡೆ ನೋಡಿ "ಏನೇ, ಇನ್ನೂ ಇಲ್ಲೇ ಇದೀಯಾ" ಎನ್ನುತ್ತಲೇ ಒಳಗೆ ಬಂದದ್ದು. ಎರಡು ವಾರದ ನೋವು. ಬಿಪಿ ನೋಡಿದೆ, ಕಾಲಿಗೆ ಜೋಮು ಇದೆಯೇ, ಮೂತ್ರಕ್ಕೆ ತೊಂದರೆಯೇ ಎಂದು ಕೇಳಿದೆ. ತುರ್ತಿನದ್ದೇನೂ ಇರಲಿಲ್ಲ. "ಇದಕ್ಕೆ ವಿಮೆಯ ಆಸ್ಪತ್ರೆಗೆ ಚೀಟಿ ಕೊಡುತ್ತೇನೆ. ಇಲ್ಲೇ ತೋರಿಸಬೇಕೆಂದರೆ ಎಚ್‌ಆರ್‌ನವರೊಬ್ಬರ ಜೊತೆ ಬನ್ನಿ" ಎಂದೆ. ಚೀಟಿಯನ್ನು ಮೇಜಿನ ಮೇಲೇ ಬಿಟ್ಟು ಹೋದರು. ಎದೆನೋವೆಂದು ಬಂದಿದ್ದರೆ ಬೈಯುತ್ತಿದ್ದರೂ ನೋಡುತ್ತಿದ್ದೆ.

ಬೈಯುವ, ಮೈಮೇಲೆ ಬರುವ ರೋಗಿಗಳನ್ನು ವೈದ್ಯರು ನಿರಾಕರಿಸಬಹುದೆಂದ 2023ರ ನಿಯಮಗಳನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ಆಗಸ್ಟ್‌ನಲ್ಲಿ ತಡೆಹಿಡಿದಿದೆ ಎಂದು ಮೆಮೊದಲ್ಲಿ ನೆನಪಿಸಿದ್ದೀರಿ. ನಿಜ. ಆದರೆ ಅವು ನಿಂತ ಮೇಲೆ ನಡೆಯುತ್ತಿರುವುದು ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ. ಯಾರಿಗೆ ಚಿಕಿತ್ಸೆ ಕೊಡಬೇಕೆಂಬ ಆಯ್ಕೆ ವೈದ್ಯರದು, ತುರ್ತಿನಲ್ಲಿ ಮಾತ್ರ ಕರೆದಾಗ ಹೋಗಲೇಬೇಕು ಎಂದು ಅದರಲ್ಲೂ ಇದೆ. ನಿಮ್ಮ ಲೀಗಲ್‌ನವರಿಗೆ ಅಷ್ಟು ಹಿಂದಕ್ಕೆ ಹೋಗಿ ಓದಲು ಪುರುಸೊತ್ತಾಗಲಿಲ್ಲವೆಂದು ಕಾಣುತ್ತದೆ.

ಮೆಮೊದಲ್ಲಿ "ಕ್ಲೈಂಟ್" ಎಂಬ ಮಾತು ಆರು ಸಲ ಇದೆ, ಎಣಿಸಿದೆ. ಮೊದಲೆರಡು ಸಲ ಕಾರ್ಖಾನೆ, ಆಮೇಲೆಲ್ಲ ಆ ಸೂಪರ್‌ವೈಸರ್. ಬೆರಳು ಜಜ್ಜಿಸಿಕೊಂಡ ಹುಡುಗ ಒಂದು ಸಲವೂ ಅಲ್ಲ. ಸಿಸ್ಟರ್ ಹೆಸರಂತೂ ಎಲ್ಲೂ ಇಲ್ಲ. ಮೆಮೊ ಕಳಿಸುವ ಮೊದಲು ಅವರಿಗೊಂದು ಫೋನ್ ಮಾಡಿದ್ದರೆ ಇಷ್ಟು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಅವರೀಗ ಬೇರೆ ಕಾರ್ಖಾನೆಗೆ ಹಾಕಿ ಎಂದು ಕೇಳುತ್ತಿದ್ದಾರೆ. ಬೈದವರು ಅಲ್ಲೇ ಇದ್ದು, ಬೈಸಿಕೊಂಡವರು ಜಾಗ ಖಾಲಿ ಮಾಡಬೇಕೇ?

ಮೆಮೊವನ್ನು ಲಿಖಿತವಾಗಿ ಹಿಂಪಡೆಯಿರಿ. ಸಿಸ್ಟರ್‌ಗೆ ಆಡಿದ ಮಾತು, ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಯ ಮುಂದೆ ಹೋಗಬೇಕಾದದ್ದು. ದೂರು ಕೊಡಲು ಮೂರು ತಿಂಗಳ ಗಡುವಿದೆ, ಮೂರು ವಾರ ಆಗಲೇ ಕಳೆದಿದೆ. ಅವರು ಒಪ್ಪಿದರೆ ದೂರು ಬರೆಯಲು ನೆರವಾಗಿ. ಇನ್ನೊಂದು, ಕಾರ್ಖಾನೆಗಳ ಜೊತೆ ನೀವು ಮಾಡಿಕೊಳ್ಳುವ ಕರಾರಿನಲ್ಲಿ ನಿಂದಿಸುವವರನ್ನು ತುರ್ತಲ್ಲದಾಗ ಬೇರೆಡೆಗೆ ಕಳಿಸಬಹುದು ಎಂಬ ಒಂದು ಸಾಲು ಸೇರಿಸಿ. ಬಿಲ್ ಎಷ್ಟು ದಿನದಲ್ಲಿ ಪಾವತಿಯಾಗಬೇಕು ಎಂಬುದಕ್ಕೆ ಅದರಲ್ಲಿ ಒಂದು ಪುಟವೇ ಇದೆಯಂತೆ.

ಆ ಸೂಪರ್‌ವೈಸರ್ ಸೊಂಟನೋವಿಗೆ ಮತ್ತೆ ಬಂದರೆ ನಾನು ಹೇಳುವುದು ಅದೇ ಮಾತು. ಚೀಟಿ ಬರೆದಿಟ್ಟಿದ್ದೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ.

ಇಂತಿ,
ಕಾರ್ಖಾನೆ ವೈದ್ಯಾಧಿಕಾರಿ

ಲಗತ್ತು: ಫೆಬ್ರವರಿ 21ರ ರಿಜಿಸ್ಟರ್ ಪುಟ, ಅಂದಿನ ಮೇಲ್, ಮಾರ್ಚ್ 5ರ ಚೀಟಿ