ಪೌಚಿನ ಸ್ಟಿಕ್ಕರ್ ಅಡಿಯಲ್ಲಿ ಮುಚ್ಚಿಹೋದ ಸಾಲಿನ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಬೆಕ್ಕಿನ ಆಹಾರವಾದ ನಿಮ್ಮ 85 ಗ್ರಾಂ ಟ್ಯೂನಾ ಗ್ರೇವಿ ಪೌಚಿನ ಹಿಂಬದಿಗೆ ಆಮದುದಾರರ ಬಿಳಿ ಸ್ಟಿಕ್ಕರ್ ಅಂಟಿಸಿದ್ದೀರಿ. ಅದರಲ್ಲಿ ‘ಸಂಪೂರ್ಣ ಸಮತೋಲಿತ ಆಹಾರ, 4 ಕೆ.ಜಿ. ಬೆಕ್ಕಿಗೆ ದಿನಕ್ಕೆ 2 ಪೌಚ್’ ಎಂದಿದೆ. ಬಿಸಿನೀರಲ್ಲಿ ನೆನೆಸಿ ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ತಯಾರಕರೇ ಅಚ್ಚು ಹಾಕಿಸಿದ ಮಾತು: ‘ಪೂರಕ ಆಹಾರ ಮಾತ್ರ’. ಎರಡರಲ್ಲಿ ಒಂದು ಸುಳ್ಳು. ಯಾವುದು ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಎರಡು ಸಲ ಸಮಾಧಾನದಿಂದಲೇ ಫೋನ್ ಮಾಡಿದ್ದೆ. ಮೂರನೇ ಸಲ, ಬೆಕ್ಕಿಗೆ ಬೇಕೇಬೇಕಾದ ಪೋಷಕಾಂಶ ಟಾರಿನ್ ಎಷ್ಟಿದೆ ಎಂದು ಕೇಳಿದೆ. ‘ಸ್ಪೆಲ್ಲಿಂಗ್ ಹೇಳಿ ಮೇಡಂ’ ಎಂದರು. ಒಂದೊಂದೇ ಅಕ್ಷರ ಹೇಳಿದೆ. ಹನ್ನೊಂದು ನಿಮಿಷ ಕಾಯಿಸಿ, ‘ಬೆಕ್ಕು ತಿಂತಾ ಇದ್ಯಾ?’ ಎಂದರು. ತಿನ್ನುತ್ತಿದೆ ಎಂದೆ. ‘ಮತ್ತೇನ್ ಪ್ರಾಬ್ಲಂ? ಪ್ರೋಟೀನ್ ಬೇಕಂದ್ರೆ ನಮ್ಮ ಡ್ರೈ ಫುಡ್ ತಗೊಳ್ಳಿ, ಅದ್ರಲ್ಲಿ 32 ಪರ್ಸೆಂಟ್, ಇದ್ರಲ್ಲಿ ಬರೀ 9.’ ಪಕ್ಕದಲ್ಲಿ ಯಾರೋ ನಕ್ಕದ್ದೂ ಕೇಳಿಸಿತು.

ಅವರಿಗೆ ಕಲಿಸಬೇಕಾದವರು ನೀವು. ತೇವಾಂಶ ಕಳೆಯದೆ ಎರಡು ಆಹಾರಗಳನ್ನು ಹೋಲಿಸುವ ಹಾಗಿಲ್ಲ. ಪೌಚಿನಲ್ಲಿ ನೀರು 82%, ಉಳಿದದ್ದು 18. ಅದರಲ್ಲಿ 9 ಎಂದರೆ ಪ್ರೋಟೀನ್ 50%. ಒಣ ಆಹಾರದಲ್ಲಿ ನೀರು 10%; 90ರಲ್ಲಿ 32 ಎಂದರೆ 36% ಕೂಡ ಆಗುವುದಿಲ್ಲ.

ಕೊರತೆ ಇರುವುದು ಪ್ರೋಟೀನಿನಲ್ಲಲ್ಲ, ಶಕ್ತಿಯಲ್ಲಿ. ಪ್ರೋಟೀನ್ 9, ಕೊಬ್ಬು 3, ನಾರು 1 ಎಂದು ಬರೆದಿದ್ದೀರಿ, ಬೂದಿಯ, ಅಂದರೆ ಖನಿಜಾಂಶದ, ಪ್ರಮಾಣ ಬರೆದಿಲ್ಲ. ಅದನ್ನು ಸೊನ್ನೆ ಎಂದೇ ಇಟ್ಟುಕೊಂಡು, ಉಳಿದ 5ನ್ನು ಪಿಷ್ಟಕ್ಕೆ ಸೇರಿಸಿ, ಪ್ರೋಟೀನ್, ಕೊಬ್ಬು, ಪಿಷ್ಟಗಳನ್ನು ಕ್ರಮವಾಗಿ ಗ್ರಾಂಗೆ 3.5, 8.5, 3.5 ಕಿಲೋಕ್ಯಾಲೊರಿಯಂತೆ ಗುಣಿಸಿದರೂ ಪೌಚಿಗೆ ಸುಮಾರು 63 ಕಿಲೋಕ್ಯಾಲೊರಿ. ಎರಡಕ್ಕೆ 126. ಮನೆಯೊಳಗಿರುವ 4 ಕೆ.ಜಿ. ಬೆಕ್ಕಿಗೆ ಸುಮಾರು 200 ಬೇಕು. ಸ್ಟಿಕ್ಕರ್ ನಂಬಿದವರ ಬೆಕ್ಕು ದಿನಾ ಅರೆಹೊಟ್ಟೆ. ದಪ್ಪ ಬೆಕ್ಕು ಹೀಗೆ ಕೆಲವು ದಿನ ಕಳೆದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು.

ಟಾರಿನ್ ಕೇಳಿದ್ದೂ ಸುಮ್ಮನೆ ಅಲ್ಲ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಕಡಿಮೆಯಾದರೆ ಅಕ್ಷಿಪಟಲ ಕೆಡುತ್ತದೆ, ಹೃದಯದ ಸ್ನಾಯು ಸೊರಗುತ್ತದೆ. ಹೃದಯದ ವಿಷಯ 1987ರಲ್ಲೇ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿಕೊಟ್ಟದ್ದು. ಡಬ್ಬಿ ಆಹಾರದ ಒಣ ಭಾಗದಲ್ಲಿ ಕನಿಷ್ಠ 0.2% ಇರಬೇಕೆಂಬುದು ಅಮೆರಿಕದ ಮಾನದಂಡ. ನಿಮ್ಮದರಲ್ಲಿ ಎಷ್ಟು?

ನನಗೆ ಹಣ ವಾಪಸ್ ಬೇಡ, ಕೂಪನ್ನೂ ಬೇಡ. ಟಾರಿನ್, ಬೂದಿ, ಕ್ಯಾಲೊರಿ ಮೂರರ ಅಂಕಿಯನ್ನೂ 15 ದಿನದೊಳಗೆ ಲಿಖಿತವಾಗಿ ಕೊಡಿ. ಈ ಸ್ಟಿಕ್ಕರ್ ಇರುವ ಮಾಲನ್ನು ಅಂಗಡಿಗಳಿಂದ ಹಿಂಪಡೆಯಿರಿ. ಇಲ್ಲವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ, ಕಾನೂನು ಮಾಪನಶಾಸ್ತ್ರ ಇಲಾಖೆಗೂ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತದೆ. ಅರ್ಧ ಸ್ಟಿಕ್ಕರ್ ಎದ್ದ ಆರು ಪೌಚ್‌ಗಳನ್ನು ಬಿಲ್ ಸಮೇತ ಎತ್ತಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ