ಎಂಟನೇ ಗ್ರೇಡ್ ಆಯಿತು, ಮುಂದೆ ಏನು ನುಡಿಸಬೇಕು?

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಯುತ್ತಿರುವ ಮಕ್ಕಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಚಿಕ್ಕಮಗಳೂರಿನಲ್ಲಿ ಪಿಯಾನೊ ಹೇಳಿಕೊಡುವ ನಾನು ಅದಕ್ಕೊಂದು ಮಾತು ಸೇರಿಸಬೇಕು. ಪಿಯಾನೊ ಪರೀಕ್ಷೆಗಳ ಕೊನೆಯ ಹಂತವಾದ ಎಂಟನೇ ಗ್ರೇಡ್ ಮುಗಿಸಿದವರು ಬಂದು ಕೇಳುವುದು ಬಹುಪಾಲು ಎರಡೇ: ಶೋಪಾನ್‌ನ ಜಿ ಮೈನರ್ ಬ್ಯಾಲಡ್, ಇಲ್ಲವೇ ಲಿಸ್ಟ್‌ನ 'ಲಾ ಕಂಪನೆಲ್ಲಾ'. ದೊಡ್ಡ ಕೃತಿಗಳೇ, ಅನುಮಾನವಿಲ್ಲ. ಆದರೆ ಮೊಬೈಲಿನಲ್ಲಿ ಕಂಡದ್ದಕ್ಕೇ ಎಲ್ಲರೂ ಮುಗಿಬಿದ್ದರೆ ಹತ್ತೊಂಬತ್ತನೇ ಶತಮಾನದ ರೊಮ್ಯಾಂಟಿಕ್ ಯುಗದ ಉಳಿದ ಸಂಪತ್ತನ್ನು ನಮ್ಮೂರಲ್ಲಿ ಕೇಳುವುದು ಯಾವಾಗ?

'ಲಾ ಕಂಪನೆಲ್ಲಾ'ದಲ್ಲಿ ಇನ್ನೊಂದು ತೊಡಕೂ ಇದೆ. ಒಂದೇ ಸ್ವರವನ್ನು ಮಿಂಚಿನ ವೇಗದಲ್ಲಿ ಮತ್ತೆ ಮತ್ತೆ ನುಡಿಸುವ ಜಾಗಗಳು ಅದರಲ್ಲಿವೆ. ಗ್ರ್ಯಾಂಡ್ ಪಿಯಾನೊದಲ್ಲಿ ಕೀಲಿ ಪೂರ್ತಿ ಮೇಲೇಳುವ ಮೊದಲೇ ಸುತ್ತಿಗೆ ಮತ್ತೆ ಹೊಡೆಯಬಲ್ಲದು. ನಮ್ಮ ಮನೆಗಳಲ್ಲಿ ಗೋಡೆಗೆ ಒತ್ತಿ ನಿಲ್ಲಿಸುವ ಅಪ್‌ರೈಟ್‌ಗಳಲ್ಲಿ ಸಾಮಾನ್ಯವಾಗಿ ಆ ವ್ಯವಸ್ಥೆ ಇರುವುದಿಲ್ಲ. ಮೇಲಾಗಿ ಮಲೆನಾಡಿನ ಆಷಾಢ. ತೇವ ಆರಲೆಂದು ಪಿಯಾನೊ ಒಳಗೆ ಬಲ್ಬ್ ಹಚ್ಚಿಟ್ಟರೂ ಥಂಡಿಗೆ ಮರ ಉಬ್ಬಿ, ಒತ್ತಿದ ಕೀಲಿ ಮೇಲೇಳದೆ ನಿಂತುಬಿಡುತ್ತದೆ. ಪಾಪ, ಮಕ್ಕಳು ತಮ್ಮ ಬೆರಳೇ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ನಾನು ಮೊದಲು ಕೊಡುವುದು ಬ್ರಾಮ್ಸ್‌ನ ಓಪಸ್ (ಕೃತಿಸಂಖ್ಯೆ) 118. 1893ರಲ್ಲಿ ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೆ ಅರ್ಪಿಸಿದ ಆರು ಕೃತಿಗಳ ಗುಚ್ಛ ಅದು. ಎರಡನೆಯದಾದ ಎ ಮೇಜರ್ ಇಂಟರ್‌ಮೆಟ್ಸೊ ಕೇಳಲು ನಿಧಾನ, ಹಾಗಾಗಿ ಪೋಷಕರಿಗೆ ಸುಲಭ ಅನ್ನಿಸುತ್ತದೆ. ಮಧ್ಯದ ಭಾಗಕ್ಕೆ ಬನ್ನಿ: ಬಲಗೈಗೆ ಎರಡರ ನಡೆ, ಎಡಗೈಗೆ ಮೂರರ ನಡೆ. ಮೃದಂಗ ಕೇಳಿ ಬೆಳೆದವರಿಗೆ ತಿಶ್ರ ಹೊಸದೇನಲ್ಲ. ಎರಡನ್ನೂ ಒಬ್ಬರೇ ಹೊತ್ತು, ಮೇಲಿನ ರಾಗ ಎಲ್ಲೂ ಮುರಿಯದಂತೆ ಕಿರುಬೆರಳಲ್ಲಿ ಹಾಡಿಸುವುದು ತಿಂಗಳುಗಟ್ಟಲೆಯ ಕೆಲಸ. ಇದನ್ನು ಅರಗಿಸಿಕೊಂಡವರ ಶೋಪಾನ್ ಕೂಡ ಬದಲಾಗುತ್ತದೆ, ನಾನು ಕಿವಿಯಾರೆ ಕೇಳಿದ್ದೇನೆ. ವೇಗವೇ ಬೇಕೆನ್ನುವವರಿಗೆ ಮೆಂಡೆಲ್ಸನ್ 1841ರಲ್ಲಿ ಬರೆದ 'ವೇರಿಯಾಸಿಯೋಂ ಸೇರಿಯೂಸ್' ಇದೆ. ಡಿ ಮೈನರ್‌ನ ಒಂದೇ ಮೂಲ ಧಾಟಿಯ ಮೇಲೆ ಹದಿನೇಳು ರೂಪಾಂತರ.

ಮತ್ತೊಬ್ಬರನ್ನು ನಾವು ಮರೆತಿರುವುದು ನನಗೆ ನಿಜಕ್ಕೂ ನೋವು. ನಿಕೊಲಾಯ್ ಮೆಟ್ನರ್, ರೊಮ್ಯಾಂಟಿಕ್ ಪರಂಪರೆಯನ್ನು ಇಪ್ಪತ್ತನೇ ಶತಮಾನದಲ್ಲೂ ಬಿಡದ ರಷ್ಯನ್. ಲಂಡನ್ನಿನಲ್ಲಿ ಮುಪ್ಪಿನ ದಿನ ಕಳೆಯುತ್ತಿದ್ದ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ತಮ್ಮ ಮೂರನೇ ಪಿಯಾನೊ ಕನ್ಚರ್ಟೊವನ್ನು (ವಾದ್ಯವೃಂದದೊಡನೆ ನುಡಿಸುವ ಕೃತಿ) ಮೆಟ್ನರ್ ಮಹಾರಾಜರಿಗೇ ಅರ್ಪಿಸಿದರು. ಆ ಮೈಸೂರು ಸಂಸ್ಥಾನಕ್ಕೇ ಸೇರಿದ್ದ ಚಿಕ್ಕಮಗಳೂರು, ಹಾಸನಗಳಲ್ಲಿ ಮೆಟ್ನರ್ ಹೆಸರು ಗೊತ್ತಿರುವ ಪಿಯಾನೊ ವಿದ್ಯಾರ್ಥಿ ನನಗೆ ಸಿಕ್ಕಿಲ್ಲ. ಅವರ 'ಸ್ಕಾಸ್ಕಿ', ಅಂದರೆ ಕಥೆಗಳು, ಪುಟ್ಟ ಕೃತಿಗಳು. ಓಪಸ್ 20ರ ಮೊದಲನೆಯದು, ಬಿ ಫ್ಲಾಟ್ ಮೈನರ್‌ನದು, ಮೂರು ನಿಮಿಷದ ಆಸುಪಾಸು. ಅಷ್ಟರಲ್ಲೇ ಎದೆ ಹಿಂಡುತ್ತದೆ. ಇದರಿಂದ ಶುರು ಮಾಡಿ, ಆಮೇಲೆ 'ಸೊನಾಟಾ ರೆಮಿನಿಸೆಂಜಾ'ಕ್ಕೆ ಹೋಗಬಹುದು. ಇವರೆಲ್ಲರ ಹಕ್ಕುಸ್ವಾಮ್ಯದ ಅವಧಿ ನಮ್ಮ ದೇಶದಲ್ಲಿ ಮುಗಿದಿದೆ. ಹಳೆಯ ಮುದ್ರಣಗಳ ಸ್ವರಲಿಪಿ ಅಂತರಜಾಲದಲ್ಲಿ ಉಚಿತ.

ಶಾಲಾ ವಾರ್ಷಿಕೋತ್ಸವ, ಕ್ಲಬ್ಬಿನ ಸಂಜೆಗಳನ್ನು ನಡೆಸುವವರಲ್ಲಿ ಒಂದು ಕೋರಿಕೆ. ಐದು ನಿಮಿಷದ ಗಡಿ ಹಾಕಿದರೆ ಮಕ್ಕಳು ಚಪ್ಪಾಳೆ ಗಿಟ್ಟುವುದನ್ನೇ ಆರಿಸುತ್ತಾರೆ. ಹನ್ನೆರಡು ನಿಮಿಷ ಕೊಡಿ. ಮೆಂಡೆಲ್ಸನ್ ಪೂರ್ತಿ ಆಗುತ್ತದೆ, ಇಲ್ಲವೇ ಒಂದು ಬ್ರಾಮ್ಸ್, ಒಂದು ಮೆಟ್ನರ್.

– ಪಿಯಾನೊ ಶಿಕ್ಷಕಿ, ಚಿಕ್ಕಮಗಳೂರು